ಬೈಯುವುದು ಕೊನೆಯ ಟೆಸ್ಟು

ನಮ್ಮ ಟೈಪಿಂಗ್ ಮೇಡಂ ಅವರ ಕಿರುಬೆರಳುಗಳು ಉಂಗುರದ ಬೆರಳುಗಳಷ್ಟೇ ದಪ್ಪವಾಗಿದ್ದವು. ಮೂವತ್ತು ವರ್ಷಕ್ಕೂ ಮೇಲೆ ಟೈಪ್‌ರೈಟರಿನ ಬಿಗಿ ಕೀಗಳನ್ನು ಒತ್ತಿ ಒತ್ತಿ ಹಾಗಾಗಿದ್ದವು. ತುದಿ ಚಪ್ಪಟೆ, ಉಗುರು ಚಿಕ್ಕದು, ಉಗುರಿನ ಸಂದಿಯಲ್ಲಿ ರಿಬ್ಬನ್ನಿನ ಕಪ್ಪು. ನಾವು ಎಷ್ಟು ಒತ್ತಿದರೂ ಕಿರುಬೆರಳಿನ ಅಕ್ಷರ ಕಾಗದದ ಮೇಲೆ ಮಸುಕಾಗಿಯೇ ಬೀಳುತ್ತಿತ್ತು. ಮೇಡಂ ಹಿಂದಿನಿಂದ ಬಂದು ನಮ್ಮ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒಮ್ಮೆ ಒತ್ತಿದರೆ ಕಾಗದ ತೂತಾಗುವ ಹಾಗೆ ಮೂಡುತ್ತಿತ್ತು.

"ಅದಕ್ಕೂ ಕೆಲಸ ಕೊಡಪ್ಪ. ದೊಡ್ಡ ಬೆರಳಿಗೇ ಎಲ್ಲಾ ಹೊರಿಸಿದ್ರೆ ಚಿಕ್ಕದು ಸೋಮಾರಿಯಾಗ್ತದೆ" ಎನ್ನುತ್ತಿದ್ದರು.

ಅವರ ಟೈಪಿಂಗ್ ಶಾಲೆ ಶಿರಾದಲ್ಲಿ, ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಇಪ್ಪತ್ತೊಂದು ಮೆಟ್ಟಿಲು. ಹದಿನಾಲ್ಕು ಟೈಪ್‌ರೈಟರು; ಒಂಬತ್ತು ಇಂಗ್ಲಿಷಿನವು, ಐದು ಕನ್ನಡದವು. ಪಕ್ಕದ ಕೋಣೆಯಲ್ಲಿ ಆಮೇಲೆ ಸೇರಿಕೊಂಡ ಐದು ಕಂಪ್ಯೂಟರು. ನಾನು ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾಗ ಟೈಪಿಂಗಿನ ಜೂನಿಯರ್ ಪರೀಕ್ಷೆಗೆಂದು ಸೇರಿದೆ. ಕಳ್ಳಂಬೆಳ್ಳದ ಕಡೆಯಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟರೆ ಅವರ ಎರಡನೆಯ ತಂಡಕ್ಕೆ ಸರಿಹೋಗುತ್ತಿತ್ತು. ಹದಿನಾಲ್ಕು ತಿಂಗಳು ಹೋದೆ. ಡೈರಿಯ ಲೆಕ್ಕದಲ್ಲಿ ಇನ್ನೂರ ಅರವತ್ತೆರಡು ದಿನ.

ಮೇಡಂ ಪ್ರತಿ ಮಿಷಿನ್ನಿಗೂ ತಮ್ಮ ಹಳೆಯ ಸೀರೆಯಿಂದ ಒಂದೊಂದು ಹೊದಿಕೆ ಹೊಲಿದಿದ್ದರು. ಮಿಷಿನ್ನುಗಳಿಗೆ ನಂಬರು ಇರಲಿಲ್ಲ, ಸೀರೆಯ ಬಣ್ಣವೇ ಹೆಸರು. "ನೀನು ಇವತ್ತು ಕಾಫಿಪುಡಿ ಮೇಲೆ ಕೂತ್ಕೊ. ಗಿಳಿಹಸಿರಿಗೆ ರಿಬ್ಬನ್ ಹಾಕಿಲ್ಲ" ಎನ್ನುತ್ತಿದ್ದರು. ಅವರ ಮೇಜು ಕಿಟಕಿಯ ಕಡೆಗಿತ್ತು, ನಮಗೆ ಬೆನ್ನು ಹಾಕಿಯೇ ಪೇಪರು ತಿದ್ದುತ್ತಿದ್ದರು. ಹದಿನಾಲ್ಕು ಮಿಷಿನ್ನು ಒಟ್ಟಿಗೆ ಕುಟ್ಟುವ ಆ ಗಲಾಟೆಯಲ್ಲಿ ತಲೆಯೆತ್ತದೆ, "ಕಾಫಿಪುಡಿ, ಸ್ಪೇಸು ಎರಡು ಸಲ ಹೊಡೆದೆ" ಎಂದುಬಿಡುತ್ತಿದ್ದರು. ನೋಡಿದರೆ ಹೌದು.

ರಿಪೇರಿಯವನು ತುಮಕೂರಿನಿಂದ ಬರಬೇಕಿತ್ತು, ಬರುವುದಾಗಿ ಹೇಳಿದ ದಿನ ಎಂದೂ ಬರುತ್ತಿರಲಿಲ್ಲ. ಹಾಗಾಗಿ ಮೇಡಂ ತಾವೇ ಕಲಿತಿದ್ದರು. ಬ್ರಷ್ಷು, ಹಳೆಯ ಬನಿಯನ್ ಬಟ್ಟೆ, ಅಕ್ಷರದ ಸಂದಿಯ ಕೊಳೆ ತೆಗೆಯಲು ತಲೆಯ ಪಿನ್ನು. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ ಅದೇ ಸಾಮಾನು. ಒಳಗಿನ ಭಾಗಗಳ ಹೆಸರು ಅವರಿಗೆ ಪೂರ್ತಿ ಬರುತ್ತಿರಲಿಲ್ಲ. "ಹೆಸರು ತಗೊಂಡು ಏನ್ಮಾಡ್ತೀಯ, ಇದರ ಕೆಲಸ ಏನು ಹೇಳು" ಎನ್ನುತ್ತಿದ್ದರು. ಏನೇ ಕೆಟ್ಟರೂ ಅವರ ಮೊದಲ ಪ್ರಶ್ನೆ ಒಂದೇ: "ಕೊನೇಗೆ ಯಾವಾಗ ಚೆನ್ನಾಗಿತ್ತು?" ಎರಡನೆಯದು: "ಆಮೇಲೆ ಮೊದಲು ಕೈ ಹಾಕಿದ್ದು ಯಾರು?" ಎರಡಕ್ಕೂ ಉತ್ತರ ಸಿಗುವವರೆಗೆ ಸ್ಕ್ರೂ ಡ್ರೈವರ್ ಮುಟ್ಟುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ಸಲ ನೋಡುವುದು, ನೋಡಿದ್ದನ್ನು ಬರೆಯುವುದು. ಅದು ಅವರ ಕ್ರಮ.

ನಾನು ಸೇರಿದ ಮೂರನೆಯ ತಿಂಗಳಲ್ಲಿ ನಡೆದದ್ದು ಇದು. ಪಾವಗಡ ತಾಲ್ಲೂಕಿನ ತಿರುಮಣಿಯ ಹುಡುಗಿಯೊಬ್ಬಳು ಶಿರಾದ ಹಾಸ್ಟೆಲಿನಲ್ಲಿದ್ದು ಟೈಪಿಂಗಿಗೆ ಬರುತ್ತಿದ್ದಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಬೆಳಿಗ್ಗೆ ಅವಳು ಗಿಳಿಹಸಿರಿನ ಮುಂದೆ ಕೂತು ಕೀ ಒತ್ತಿದರೆ ಅಕ್ಷರದ ಮೇಲೆ ಅಕ್ಷರ ಬೀಳತೊಡಗಿತು. ಕಾಗದ ಹಿಡಿದ ಮೇಲಿನ ಭಾಗ, ಅಂದರೆ ಕ್ಯಾರೇಜು, ಎಡಕ್ಕೆ ಸರಿಯುತ್ತಲೇ ಇರಲಿಲ್ಲ.

"ಇವಳೇ ಮೇಡಂ, ನಿನ್ನೆ ಜೋರಾಗಿ ಎಳೆದಳು. ನಾನು ನೋಡಿದೆ" ಎಂದ ಪಕ್ಕದವನು.

"ನೇನು ಕಾದು ಮೇಡಂ! ನಾನು ಮುಟ್ಟೇ ಇಲ್ಲ, ಈಗ ಕೂತಿದ್ದು" ಎಂದು ಹುಡುಗಿ ಎದ್ದು ನಿಂತಳು. ಕಣ್ಣು ತುಂಬಿತ್ತು.

ಮೇಡಂ ಇಬ್ಬರ ಮುಖವನ್ನೂ ನೋಡಲಿಲ್ಲ. "ಬೈಯೋದು ಕೊನೇ ಟೆಸ್ಟು. ಮೊದಲು ಮಿಕ್ಕಿದ್ದೆಲ್ಲ ಆಗ್ಲಿ" ಎಂದು ಮಿಷಿನ್ನನ್ನು ತಿರುಗಿಸಿ, ಹಿಂದೆ ಬಗ್ಗಿ ಪಿನ್ನಿನಿಂದ ಏನನ್ನೋ ಎಳೆದರು. ಕ್ಯಾರೇಜನ್ನು ಎಳೆಯುವ ಸಣ್ಣ ಪಟ್ಟಿ ತನ್ನ ಕೊಕ್ಕೆಯಿಂದ ಹೊರಗಿತ್ತು. ಅದನ್ನು ಸಿಕ್ಕಿಸಿ ಎದ್ದು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಿನ್ನೆ ಸಾಯಂಕಾಲ ಎಣ್ಣೆ ಹಾಕಕ್ಕೆ ಇದನ್ನ ಬಿಚ್ಚಿದ್ದು ನಾನು. ವಾಪಸ್ ಸಿಕ್ಕಿಸೋದು ಮರೆತಿದ್ದೂ ನಾನೇ. ಕೂತ್ಕೊಳಮ್ಮ, ಮುಂದಕ್ಕೆ ಹೊಡಿ."

ಅಷ್ಟೇ. ಆ ದಿನ ನನ್ನ ಡೈರಿಯಲ್ಲಿ ಈ ಸಂಗತಿಗೆ ಒಂದೇ ಸಾಲು ಇದೆ. "ಗಿಳಿಹಸಿರು ಕೆಟ್ಟಿತ್ತು, ಮೇಡಂ ತಪ್ಪು." ಅದು ಎಷ್ಟು ದೊಡ್ಡ ಮಾತೆಂದು ಆಗ ಹೊಳೆದಿರಲಿಲ್ಲ.

ಡಿಪ್ಲೊಮಾ ಮುಗಿದ ಮೇಲೆ ನಾನು ಮನೆಯಲ್ಲೇ ಕೂತು ಕಟ್ಟಬೇಕಾದ ಮನೆಗಳ ಎಲಿವೇಷನ್ ಚಿತ್ರ ಮಾಡುವ ಕೆಲಸ ಹಿಡಿದೆ. ಈಗ ನಮ್ಮ ಕಡೆ ಯಾರೇ ಮನೆ ಕಟ್ಟಿಸಿದರೂ ಮೊದಲು ಅದರ ಮುಂಭಾಗ ಬಣ್ಣದಲ್ಲಿ ಹೇಗೆ ಕಾಣುತ್ತದೆಂದು ನೋಡಬೇಕು. ಆ ಚಿತ್ರ ಮಾಡಲು ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಬೇಕು. ಚಿತ್ರವನ್ನು ಬಿಡಿಸಿ ಪರದೆಗೆ ಕಳಿಸುವುದಕ್ಕೇ ಮೀಸಲಾದ, ಎರಡು ಫ್ಯಾನುಗಳ ದಪ್ಪ ಹಲಗೆ ಅದು. ತುಮಕೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡು ತಂದು ಹಾಕಿಕೊಂಡಿದ್ದೆ. ಮೊದಲ ಕೆಲಸ ಪಟ್ಟನಾಯಕನಹಳ್ಳಿಯ ಮೇಷ್ಟ್ರೊಬ್ಬರದು. ದಸರಾ ಕಳೆದ ಮುಂದಿನ ಸೋಮವಾರ ಅವರ ಗುದ್ದಲಿ ಪೂಜೆ. ಅಷ್ಟರೊಳಗೆ ಮನೆಯ ಚಿತ್ರ ಫ್ಲೆಕ್ಸಿನಲ್ಲಿ ನಿಲ್ಲಬೇಕು. ತಪ್ಪಿದರೆ ಮೇಷ್ಟ್ರ ಜೊತೆ ಅವರ ಊರಿನ ಇನ್ನಿಬ್ಬರು ಗಿರಾಕಿಗಳೂ ಹೋದಂತೆ.

ಆಯುಧಪೂಜೆಯ ಬೆಳಿಗ್ಗೆ ನಾನು ಕಂಪ್ಯೂಟರನ್ನು ಅಂಗಳಕ್ಕೆ ತಂದು, ಒಂದು ಕಡೆಯ ತಗಡು ಬಿಚ್ಚಿ, ಕಾರ್ಡನ್ನು ಹೊರಗೆ ತೆಗೆದು ಧೂಳು ಊದಿ, ಒರೆಸಿ ಮತ್ತೆ ಕೂರಿಸಿದೆ. ಕುಡುಗೋಲು, ಔಷಧಿ ಹೊಡೆಯುವ ಪಂಪು, ಬೈಕು, ಮಿಕ್ಸಿ, ಎಲ್ಲದರ ಸಾಲಿನಲ್ಲಿ ಇದನ್ನೂ ಇಟ್ಟೆವು. ಅಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು.

"ಇದ್ರಾಗೆ ಮುಖ್ಯವಾದ್ದು ಯಾವುದ್ಲಾ?"

"ಇದು ಕಣಮ್ಮ. ಇದಿಲ್ದಿದ್ರೆ ಒಂದು ಗೆರೇನೂ ಕಾಣಲ್ಲ" ಎಂದು ಕಾರ್ಡು ತೋರಿಸಿದೆ.

ಅಮ್ಮ ತೆರೆದ ಕಡೆಯಿಂದ ಕೈ ಹಾಕಿ ಕಾರ್ಡಿನ ಅಂಚಿಗೇ ವಿಭೂತಿ ಎಳೆದು, ಅರಿಶಿನ ಹಚ್ಚಿ, ಕುಂಕುಮ ಇಟ್ಟಳು. ಮುಖ್ಯವಾದದ್ದಕ್ಕೆ ಇನ್ನೊಂದು ಚಿಟಿಕೆ ಜಾಸ್ತಿಯೇ ಇಟ್ಟಳು. ಆ ದಿನ ಆಯುಧ ಮುಟ್ಟುವಂತಿಲ್ಲ. ತಗಡು ಮುಚ್ಚಿ ಹಾಗೇ ಬಿಟ್ಟೆವು.

ಮಾರನೆಯ ದಿನ ವಿಜಯದಶಮಿ. ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆಯ ಮೇಲೆ ಮಾತ್ರ 'ನೋ ಸಿಗ್ನಲ್' ಎಂದು ಬಂದು ಕಪ್ಪಾಯಿತು. ತಗಡು ತೆಗೆದು ನೋಡಿದರೆ ಕುಂಕುಮ ಕಾರ್ಡಿನಿಂದ ಉದುರಿ, ಕಾರ್ಡು ಕೂರುವ ಸಂದಿಯ ಉದ್ದಕ್ಕೂ ಕೆಂಪಗೆ ಬಿದ್ದಿತ್ತು.

ನಾನು ಕೂಗಾಡಿದೆ. "ನೀನೇ ಹಾಳ್ಮಾಡಿದ್ದು. ನಿನ್ನ ಪೂಜೆ ನನ್ನ ಕೆಲಸಾನೇ ತಿಂದ್ಹಾಕ್ತು" ಎಂದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಅಂದದ್ದು ಅಂದದ್ದೇ. ಆವತ್ತಿನಿಂದ ಅಮ್ಮ ನನ್ನ ಕೋಣೆಯ ಹೊಸ್ತಿಲು ದಾಟಲಿಲ್ಲ. ಕಾಫಿಯನ್ನು ಹೊರಗಿನಿಂದ ಕಿಟಕಿಯ ಮೇಲಿಟ್ಟು ಹೋಗುತ್ತಿದ್ದಳು.

ಬುಧವಾರ, ಗುರುವಾರ ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಕಾರ್ಡು ಅಲುಗಾಡಿಸಿದೆ, ಕೇಬಲ್ ಬದಲಿಸಿದೆ, ರ‍್ಯಾಮ್ ತೆಗೆದು ಹಾಕಿದೆ, ಮೊಬೈಲಿನಲ್ಲಿ ವೀಡಿಯೊ ನೋಡುತ್ತ ಒಂದೇ ಸಲಕ್ಕೆ ಮೂರು ಮೂರು ಬದಲಾಯಿಸಿದೆ. ಹನ್ನೊಂದು ಪ್ರಯತ್ನ ಎಂದು ಡೈರಿಯಲ್ಲಿದೆ. ಯಾವುದರಿಂದ ಏನಾಯಿತೆಂದು ಕೇಳಿದರೆ ಹೇಳಲಾರೆ.

ಶುಕ್ರವಾರ ಬೆಳಿಗ್ಗೆ ಅಮ್ಮನೇ ಬಾಗಿಲ ಹೊರಗೆ ನಿಂತು ಹೇಳಿದಳು. "ನಿಮ್ಮ ಟೈಪಿಂಗ್ ಮೇಡಮ್ಮಾರ ತಾವ್ಕೆ ಹೋಗಾನ ನಡಿ. ನಾನೂ ಬತ್ತೀನಿ. ಕೆಡಿಸಿರೋಳು ನಾನು, ಹೆಂಗೆ ಕೆಡಿಸ್ದೆ ಅಂತ ನಾನೇ ಹೇಳ್ಬೇಕಲ್ಲ."

ಬಸ್ಸಿನಲ್ಲಿ ಪರದೆ ನನ್ನ ಕೈಯಲ್ಲಿ. ಕಂಪ್ಯೂಟರಿನ ಪೆಟ್ಟಿಗೆಯನ್ನು ಅಮ್ಮ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಂಡಕ್ಟರು ನೋಡಿ, "ಏನಮ್ಮೋ, ಕುರಿಮರಿನಾ? ಉಸಿರಾಡಕ್ಕೆ ಬುಡ್ತೀಯೋ ಇಲ್ವೋ?" ಎಂದ.

"ಉಸ್ರು ನಿಂತೈತೆ ಕಣಪ್ಪ, ಅದಕ್ಕೇ ತಗಂಡೋಯ್ತಿರೋದು" ಎಂದಳು ಅಮ್ಮ. ಬಸ್ಸೆಲ್ಲ ನಕ್ಕಿತು. ಅವಳು ನಗಲಿಲ್ಲ.

ಮೇಡಂ ನಮ್ಮನ್ನು ಮೆಟ್ಟಿಲಿನ ತುದಿಯಲ್ಲೇ ನೋಡಿ, "ಬನ್ನಿ ಅಮ್ಮ, ಮಗ ಏನಾದ್ರೂ ಫೇಲಾದ್ನಾ?" ಎಂದರು.

"ನಾನೇ ಫೇಲ್ ಮಾಡ್ಬುಟ್ಟೆ ಮೇಡಮ್ಮಾರೆ. ಒಳಿಕ್ಕೆ ಕುಂಕುಮ ಹಾಕಿ ಕೆಡಿಸ್ಬುಟ್ಟೆ."

"ಹಂಗಂತ ಯಾರು ಹೇಳಿದ್ದು?"

ಅಮ್ಮ ನನ್ನ ಕಡೆ ನೋಡಿದಳು. ಮೇಡಂ ಕೂಡ ನೋಡಿದರು. "ಕೂತ್ಕೊಳಿ ಅಮ್ಮ. ಟೆಸ್ಟ್ ಮುಗಿಯೋವರೆಗೂ ಯಾರೂ ಏನೂ ಕೆಡಿಸಿಲ್ಲ" ಎಂದು ಬೆಂಚು ಎಳೆದರು. ಆಮೇಲೆ ಕಾಫಿಪುಡಿಯ ಹೊದಿಕೆ ಸರಿಸಿ, ಬಿಳಿ ಹಾಳೆ ಏರಿಸಿ, ಅದರ ಮುಂದೆ ಕೂತರು. ಅದು ಕನ್ನಡದ ಮಿಷಿನ್ನು. "ನೀನು ಮಾಡು, ನಾನು ಹೊಡೀತೀನಿ. ಒಂದೊಂದೇ" ಎಂದರು.

ಹೊರಗಿನಿಂದ ಒಳಗೆ ಹೋಗುವುದು ಅವರ ರೀತಿ. ಮೊದಲು ನಮ್ಮ ಪರದೆಯನ್ನೂ ಕೇಬಲ್ಲನ್ನೂ ಅವರ ಕಂಪ್ಯೂಟರಿಗೆ ಜೋಡಿಸಿದೆ. ಚಿತ್ರ ಬಂತು. ಟಕಟಕ ಎಂದು ಒಂದು ಸಾಲು ಬಿತ್ತು: "ಪರದೆ, ಕೇಬಲ್ ಸರಿ." ಎರಡನೆಯದು, ಕಾರ್ಡನ್ನು ಪೂರ್ತಿ ಹೊರಗೆ ತೆಗೆದು, ಕೇಬಲ್ಲನ್ನು ಕಂಪ್ಯೂಟರಿನ ಸ್ವಂತ ಕಿಂಡಿಗೇ ಹಾಕಿದೆ. ಸ್ವಲ್ಪ ಹೊತ್ತು ಕಪ್ಪಾಗಿದ್ದು, ಆಮೇಲೆ ಪರದೆ ಬೆಳಗಿತು. ಎರಡು ದಿನದ ಹನ್ನೊಂದು ಪ್ರಯತ್ನದಲ್ಲಿ ಇದೊಂದನ್ನು ನಾನು ಮಾಡಿರಲಿಲ್ಲ.

"ಮನೆ ಗಟ್ಟಿಯಾಗಿದೆ. ಬಾಗಿಲಿನದೇ ತಕರಾರು" ಎಂದರು ಮೇಡಂ. "ಅಂದ್ರೆ ಈ ಹಲಗೆ, ಇಲ್ಲಾ ಇದು ಕೂರೋ ಜಾಗ, ಇಲ್ಲಾ ಇದಕ್ಕೆ ಬರೋ ಕರೆಂಟು. ಮೂರೇ. ಮೊದಲು ಜಾಗ."

ಅಕ್ಷರ ಉಜ್ಜುವ ಬ್ರಷ್ಷಿನಿಂದ ಸಂದಿಯನ್ನು ನಿಧಾನವಾಗಿ ಗುಡಿಸಿದೆ. ಬಿಳಿ ಬಟ್ಟೆಯ ಮೇಲೆ ಒಂದು ಚಿಟಿಕೆ ಕೆಂಪು ಬಂತು. ಅಮ್ಮ ಬಗ್ಗಿ ನೋಡಿ, "ಅಯ್ಯೋ ಶಿವನೇ" ಎಂದಳು. ಕಾರ್ಡಿನ ಹೊಳೆಯುವ ಹಲ್ಲುಗಳನ್ನು ಟೈಪಿಂಗ್ ರಬ್ಬರಿನಿಂದ ಉಜ್ಜಿ, ಬಾಯಲ್ಲಿ ಊದಲು ಹೋದಾಗ, "ಎಂಜಲು ಸಿಡೀತದೆ, ಬ್ರಷ್ ತಗೋ" ಎಂದು ಬೈಸಿಕೊಂಡು, ಮತ್ತೆ ಕೂರಿಸಿ, ಕೇಬಲ್ಲನ್ನು ಅದಕ್ಕೇ ಹಾಕಿ ಸ್ವಿಚ್ಚು ಒತ್ತಿದೆ.

ನೋ ಸಿಗ್ನಲ್.

ಮೇಡಂ ಹೊಡೆದ ಸಾಲನ್ನು ಗಟ್ಟಿಯಾಗಿ ಓದಿದರು: "ಕುಂಕುಮ ತೆಗೆದಾಯಿತು. ಚಿತ್ರವಿಲ್ಲ. ಕೇಳಿಸ್ಕೊಂಡ್ರಾ ಅಮ್ಮ? ಕುಂಕುಮ ಅಲ್ಲ."

"ಇನ್ನೂ ಒಳಿಕ್ಕೆಲ್ಲೋ ಇಳ್ದೈತೇನೋ ಮೇಡಮ್ಮಾರೆ. ಜಾಸ್ತಿನೇ ಇಟ್ಬುಟ್ಟಿದ್ದೆ" ಎಂದಳು ಅಮ್ಮ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಿಜವಾದ ಕಾರಣ ಸಿಗದಿದ್ದರೆ ಅವಳು ಇದನ್ನು ಸಾಯುವವರೆಗೆ ಹೊತ್ತುಕೊಂಡೇ ಇರುತ್ತಾಳೆಂದು ನನಗೆ ಆಗ ಮೊದಲ ಸಲ ಅನಿಸಿತು.

ಮೇಡಂ ನನ್ನ ಕಡೆ ತಿರುಗಿದರು. "ಕೊನೇಗೆ ಯಾವಾಗ ಚೆನ್ನಾಗಿತ್ತು?"

ಡೈರಿ ತೆಗೆದೆ. "ಭಾನುವಾರ ಸಾಯಂಕಾಲ ಏಳು ಹತ್ತು. ಮೇಷ್ಟ್ರ ಮನೆಯ ಮೇಲ್ಛಾವಣಿ ಮುಗಿಸಿದೆ ಅಂತಿದೆ."

"ಆಮೇಲೆ ಮೊದಲು ಕೈ ಹಾಕಿದ್ದು ಯಾರು?"

ಪುಟ ತಿರುವಿದೆ. ಸೋಮವಾರದ ಕೆಳಗೆ ನನ್ನದೇ ಅಕ್ಷರದಲ್ಲಿತ್ತು: "ಆಯುಧಪೂಜೆ. ಅಮ್ಮ ಕಾರ್ಡಿಗೆ ಕುಂಕುಮ ಹಾಕಿದಳು." ಅದು ಮಂಗಳವಾರ, ಕೆಟ್ಟ ಮೇಲೆ, ಸಿಟ್ಟಿನಲ್ಲಿ ಸೇರಿಸಿದ ಸಾಲು. ಪೂಜೆಗೂ ಮೊದಲು ಸೋಮವಾರ ಬೆಳಿಗ್ಗೆ ಕಾರ್ಡು ಬಿಚ್ಚಿ ಒರೆಸಿ ಕೂರಿಸಿದವನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಊಟಕ್ಕೆ ಎಷ್ಟು ಹೋಳಿಗೆ ತಿಂದೆ ಎಂದು ಬರೆದಿದ್ದೆ. ಇದನ್ನು ಬರೆದಿರಲಿಲ್ಲ.

"ನಾನು ಮೇಡಂ" ಎಂದೆ. "ಧೂಳು ಒರೆಸಕ್ಕೆ ಬಿಚ್ಚಿದ್ದೆ."

"ಸರಿ. ಅವತ್ತು ನಿನ್ನ ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಇನ್ನೊಂದು ಸಲ ಹೋಗ್ಲಿ."

ಸ್ವಿಚ್ಚು ಆರಿಸಿ, ತಂತಿ ಕಿತ್ತು, ಕೈ ಹಾಕಿದೆ. ಸ್ಕ್ರೂ, ಕೊಂಡಿ ಎರಡೂ ಬಿಗಿ. ಆಮೇಲೆ ಕಾರ್ಡಿಗೆ ಕರೆಂಟು ಕೊಡುವ ಪ್ಲಗ್ಗು. ಅದು ಎಂಟು ಪಿನ್ನಿನದು, ಆದರೆ ಆರು ಪಿನ್ನಿನ ಒಂದು ತುಂಡು, ಎರಡು ಪಿನ್ನಿನ ಇನ್ನೊಂದು ತುಂಡು ಎಂದು ಸೀಳಿಕೊಂಡಿರುತ್ತದೆ. ಎರಡನ್ನೂ ಜೋಡಿಸಿ ಒಟ್ಟಿಗೆ ಒತ್ತಬೇಕು. ಆರರ ತುಂಡು ಗಟ್ಟಿಯಾಗಿ ಕೂತಿತ್ತು. ಬೆರಳು ಹಿಂದಕ್ಕೆ ಹೋದಾಗ ಎರಡರ ತುಂಡು ವೈರುಗಳ ಮರೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಫ್ಯಾನು ತಿರುಗಿಸಲು ಆರು ಸಾಕಾಗಿತ್ತು, ಚಿತ್ರ ತೋರಿಸಲು ಸಾಲದಾಗಿತ್ತು. ಎರಡು ದಿನ ಕಾರ್ಡನ್ನು ಎಷ್ಟು ಸಲ ಅಲುಗಾಡಿಸಿದರೂ, ಇಲ್ಲಿ ಅದನ್ನು ತೆಗೆದು ಹಾಕಿದಾಗಲೂ, ಆರರ ತುಂಡು ಸಿಕ್ಕಿಸಿದರೆ ಪ್ಲಗ್ಗು ಕೂತಿತು ಎಂದುಕೊಂಡು ನಾನು ಅದರ ಹಿಂದೆ ನೋಡಿಯೇ ಇರಲಿಲ್ಲ.

ನನ್ನ ಬೆರಳಲ್ಲಿರುವುದು ಅಮ್ಮನಿಗೆ ಕಾಣುತ್ತಿರಲಿಲ್ಲ. ಮೇಡಂಗೆ ಕಾಣುತ್ತಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಸುಮ್ಮನೆ ಒತ್ತಿ, "ಈಗ ಸರಿಹೋಯ್ತು, ಕುಂಕುಮ ಪೂರ್ತಿ ಹೋಗಿರಬೇಕು" ಎಂದಿದ್ದರೆ ಅಮ್ಮ ನಂಬುತ್ತಿದ್ದಳು. ಅಷ್ಟೂ ಯೋಚನೆ ನನ್ನ ತಲೆಯಲ್ಲಿ ಬಂದು ಹೋಯಿತು. ಟೈಪ್‌ರೈಟರಿನ ಸದ್ದು ನಿಂತಿತ್ತು. ಮೇಡಂ ಎರಡೂ ಕೈಯ ಬೆರಳುಗಳನ್ನು ಕೀಗಳ ಮೇಲಿಟ್ಟು ಕಾಯುತ್ತಿದ್ದರು.

"ಏನಂತ ಹೊಡೀಲಿ?" ಎಂದರು.

"ಎರಡು ಪಿನ್ನಿನ ತುಂಡು ಸಿಕ್ಕಿಸಿರಲಿಲ್ಲ" ಎಂದೆ.

ಹೊಡೆದರು. ಬೆರಳು ಕೀಗಳ ಮೇಲಿಂದ ಏಳಲಿಲ್ಲ.

"ಸಿಕ್ಕಿಸದೇ ಇದ್ದೋನು ನಾನು. ಅಮ್ಮ ಕುಂಕುಮ ಇಡೋಕ್ಕೆ ಮೊದಲೇ."

ಅದನ್ನೂ ಹೊಡೆದರು. ಎರಡೂ ತುಂಡು ಜೋಡಿಸಿ, ಟಕ್ ಎನ್ನುವವರೆಗೆ ಒತ್ತಿ, ಕಿತ್ತ ತಂತಿ ಹಾಕಿ ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು. ಫೈಲು ತೆರೆದಾಗ ಮೇಷ್ಟ್ರ ಮನೆ ಬಂದು ನಿಂತಿತು. ಮೇಲ್ಛಾವಣಿ ಮುಗಿದಿದೆ, ಗೋಡೆಗೆ ಇನ್ನೂ ಬಣ್ಣವಿಲ್ಲ.

ಅಮ್ಮ ಮನೆಯನ್ನು ನೋಡಲಿಲ್ಲ. "ಅಂಗಾರೆ ನಾನಲ್ವಾ?" ಎಂದಳು.

"ನೀನಲ್ಲಮ್ಮ. ನಾನೇ. ಸುಮ್ಮನೆ ನಿನ್ನ ಬೈದೆ."

ಅಮ್ಮನ ದನಿ ಮೊದಲಿನಂತೆ ಏರಿತು. "ಲೇ, ಮೂರು ದಿನ ಕಾಫಿನ ಕಿಟಕಿ ಮ್ಯಾಲೆ ಇಟ್ಟೆ ಕಣ್ಲಾ, ಹೊರಗಿನೋರಿಗೆ ಕೊಟ್ಟಂಗೆ! ನಾಳಿಕಿಂದ ನೀನೇ ಎದ್ದು ಕಾಯಿಸ್ಕಂಡು ಕುಡಿ. ನಂಗೂ ಒಂದು ಲೋಟ ತಂದ್ಕೊಡು." ಮೇಡಂ ಕಡೆ ತಿರುಗಿ, "ಇವನಿಗೆ ಇನ್ನೊಂದ್ಸಲ ಮೊದಲ್ನೇ ಪಾಠದಿಂದ ಹೊಡೆಸ್ರಿ ಮೇಡಮ್ಮಾರೆ" ಎಂದಳು.

ಮೇಡಂ ಹಾಳೆಯನ್ನು ಮಿಷಿನ್ನಿನಿಂದ ಎಳೆದು, ಕೆಂಪು ಪೆನ್ನಿನಲ್ಲಿ ಕೊನೆಯ ಸಾಲಿಗೆ ಸುತ್ತು ಹಾಕಿ, ಪರೀಕ್ಷೆಯ ಪೇಪರಿನ ಮೇಲೆ ಬರೆಯುವಂತೆಯೇ ಕೆಳಗೆ "ತಪ್ಪು: ೧" ಎಂದು ಬರೆದು ಅಮ್ಮನ ಕೈಗೆ ಕೊಟ್ಟರು. "ಕುಂಕುಮ ಇನ್ನು ಮುಂದೆ ಪೆಟ್ಟಿಗೆ ಮೇಲಿಡಿ ಅಮ್ಮ. ಒಳಗೆ ಬೇಡ. ನಮ್ಮ ಮಿಷಿನ್ನಿಗೂ ಹಂಗೇ" ಎಂದಷ್ಟೇ ಹೇಳಿದರು. ನನಗೆ ಬುದ್ಧಿವಾದ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಹತ್ತೂವರೆಯ ತಂಡದವರು ಮೆಟ್ಟಿಲು ಹತ್ತುತ್ತಿದ್ದರು, ಅವರು ರಿಬ್ಬನ್ ಹಾಕಲು ಎದ್ದು ಹೋದರು.

ಸೋಮವಾರ ಗುದ್ದಲಿ ಪೂಜೆಯಲ್ಲಿ ಮೇಷ್ಟ್ರ ಮನೆಯ ಫ್ಲೆಕ್ಸು ನಿಂತಿತು. ಅವರ ಊರಿನ ಇನ್ನಿಬ್ಬರೂ ಬಂದರು. ಆಮೇಲೆ ಮಧುಗಿರಿ ಕಡೆಯಿಂದಲೂ ಕೆಲಸ ಬಂತು. ಈಗ ದಿನ ಸರಿಯಾಗಿ ಸಾಗುತ್ತಿದೆ.

ಮೇಡಂ ಮೊಣಕಾಲು ನೋವೆಂದು ಶಾಲೆ ಮುಚ್ಚಿ ಕೊರಟಗೆರೆಯ ತಂಗಿಯ ಮನೆಗೆ ಹೋಗಿದ್ದಾರೆ. ಟೈಪ್‌ರೈಟರುಗಳನ್ನು ಬೇಕೆಂದ ಹಳೆಯ ವಿದ್ಯಾರ್ಥಿಗಳಿಗೆ ಹಂಚಿದರು. ನಾನು ನಾಲ್ಕು ಸಲ ಹೋಗಿ ಬಂದಿದ್ದೇನೆ. ಕಳೆದ ಸಲ ಹೋದಾಗ ತಂಗಿಯ ಮನೆಯ ಹೊಲಿಗೆ ಮಿಷಿನ್ನನ್ನು ಬಿಚ್ಚಿಕೊಂಡು ಕೂತಿದ್ದರು. ಚೆನ್ನಾಗಿದ್ದರು. ಈ ಬರಹವನ್ನು ಅವರಿಗೆ ತೋರಿಸುವ ಧೈರ್ಯ ನನಗಿಲ್ಲ. ತೋರಿಸಿದರೆ ತಪ್ಪು ಎಣಿಸುತ್ತಾರೆ.

ಆ ಶುಕ್ರವಾರದ ಮರುದಿನದಿಂದ ನನ್ನ ಡೈರಿಯ ಬಲಬದಿಯಲ್ಲಿ ಒಂದು ಗೆರೆ ಎಳೆದಿದ್ದೇನೆ. ಮನೆಯಲ್ಲಿ ಏನೇ ಕೆಡಲಿ, ಕಂಪ್ಯೂಟರು, ಬೈಕು, ಪಂಪಿನ ಮೋಟರು, ಅದು ಕೊನೆಗೆ ಚೆನ್ನಾಗಿದ್ದ ಮೇಲೆ ಮೊದಲು ಕೈ ಹಾಕಿದವರು ಯಾರೆಂದು ಗೆರೆಯ ಆಚೆ ಬರೆಯುತ್ತೇನೆ. ನಾನಾಗಿದ್ದರೆ ನನ್ನ ಹೆಸರನ್ನೇ. ಕಳೆದ ತಿಂಗಳ ಕೊನೆಗೆ ಕೂಡಿಸಿ ನೋಡಿದೆ. ಒಟ್ಟು ಮೂವತ್ತೆಂಟು ಸಲ ಏನಾದರೊಂದು ಕೆಟ್ಟಿದೆ, ಅದರಲ್ಲಿ ಹದಿನೈದು ಸಲ ಕೈ ನನ್ನದು. ಮೇಡಂ ಇಲ್ಲದಿದ್ದರೆ ಆ ಹದಿನೈದು ಸಲವೂ ನಮ್ಮ ಮನೆಯಲ್ಲಿ ಇನ್ಯಾರೋ ಬೈಸಿಕೊಂಡಿರುತ್ತಿದ್ದರು.